ಮುಳುಗಲೂ ಬಾರದ, ಒಣಗಲೂ ಬಾರದ ಬತ್ತಿ: ಇಂಧನ ಕೋಶದ ಕಥೆ

ನೀರನ್ನು ಒಡೆಯುವ ಪ್ರಯೋಗವನ್ನು ಪ್ರೌಢಶಾಲೆಯಲ್ಲಿ ಬಹಳ ಮಂದಿ ನೋಡಿರುತ್ತಾರೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ರಬ್ಬರ್ ಬಿರಡೆಗಳಲ್ಲಿ ಸಿಕ್ಕಿಸಿದ ಎರಡು ಕಾರ್ಬನ್ ಕಡ್ಡಿ, ಅವುಗಳ ಮೇಲೆ ಬೋರಲು ಹಾಕಿದ ಎರಡು ಪ್ರನಾಳ, ಕೆಳಗೆ 6 ವೋಲ್ಟಿನ ಬ್ಯಾಟರಿ. ನೀರಿಗೆ ನಾಲ್ಕು ಹನಿ ಸಲ್ಫ್ಯೂರಿಕ್ ಆಮ್ಲ ಬಿಟ್ಟು ಸ್ವಿಚ್ ಒತ್ತಿದರೆ ಕಡ್ಡಿಗಳಿಂದ ಗುಳ್ಳೆ ಏಳುತ್ತವೆ. ಒಂದು ಪ್ರನಾಳದಲ್ಲಿ ಇನ್ನೊಂದರ ಎರಡರಷ್ಟು ಅನಿಲ ತುಂಬುತ್ತದೆ. ಮೇಷ್ಟ್ರು ಅದರ ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ 'ಪಟ್' ಎಂಬ ಸದ್ದು. ಹುಡುಗರೆಲ್ಲ ನಗುತ್ತಾರೆ, ಗಂಟೆ ಹೊಡೆಯುತ್ತದೆ, ತಂತಿಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾರೆ.

ಆ ತಂತಿಗಳನ್ನು ಬಿಚ್ಚುವ ಮೊದಲು ಇನ್ನೂ ಒಂದು ಕೆಲಸ ಬಾಕಿ ಇತ್ತು. ಬ್ಯಾಟರಿಯನ್ನು ಮಾತ್ರ ತೆಗೆದು, ಅದೇ ತಂತಿಗಳ ತುದಿಗೆ ವೋಲ್ಟ್‌ಮೀಟರ್ ಸಿಕ್ಕಿಸಿದ್ದರೆ ಅದರ ಮುಳ್ಳು ಅಲುಗುತ್ತಿತ್ತು. ನೀರನ್ನು ಒಡೆಯಲು ನಾವು ಕೊಟ್ಟ ವಿದ್ಯುತ್ತಿನಲ್ಲಿ ಒಂದು ಸಣ್ಣ ಪಾಲನ್ನು, ಕಡ್ಡಿಗೆ ಅಂಟಿಕೊಂಡ ಗುಳ್ಳೆಗಳು ಮತ್ತೆ ನೀರಾಗುತ್ತಾ ಹಿಂದಿರುಗಿಸುತ್ತವೆ. ಇಂಧನ ಕೋಶದ ಮೂಲತತ್ತ್ವ ಇಷ್ಟೇ. ಮುಂದೆ ಹೇಳುವುದೆಲ್ಲ, ಆ ಮುಳ್ಳು ಅಲುಗಿ ಕೂಡಲೇ ಸೊನ್ನೆಗೆ ಬೀಳುತ್ತದಲ್ಲ, ಅದು ಬೀಳದಂತೆ ಮಾಡಲು ಮನುಷ್ಯರು ನೂರೆಂಬತ್ತು ವರ್ಷ ಪಟ್ಟ ಪಾಡಿನ ಕಥೆ.

ಮೊದಲು ಒಳಗೆ ನಡೆಯುವುದೇನು ಎಂದು ನೋಡೋಣ. ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿದರೆ ನೀರಾಗುತ್ತದೆ, ಶಕ್ತಿ ಹೊರಬೀಳುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಕಿಡಿ ಹಚ್ಚಿದರೆ ಆ ಶಕ್ತಿಯೆಲ್ಲ ಶಾಖ ಮತ್ತು ಸದ್ದಾಗಿ ಹೋಗಿಬಿಡುತ್ತದೆ. ಉರಿಯುವುದೆಂದರೆ ಅಣುವಿನ ಮಟ್ಟದಲ್ಲಿ ಎಲೆಕ್ಟ್ರಾನುಗಳ ಕೈಬದಲು: ಹೈಡ್ರೋಜನ್ ತನ್ನ ಎಲೆಕ್ಟ್ರಾನುಗಳನ್ನು ಆಮ್ಲಜನಕದ ಕಡೆಗೆ ಬಿಟ್ಟುಕೊಡುತ್ತದೆ. ಉರಿಯಲ್ಲಿ ಈ ವಿನಿಮಯ ನೇರವಾಗಿ, ಎದುರುಬದುರು ನಡೆಯುವುದರಿಂದ ನಡುವೆ ನಾವು ಕೈಹಾಕಲು ಸಂದು ಇರುವುದಿಲ್ಲ. ಇಂಧನ ಕೋಶ ಮಾಡುವ ಉಪಾಯವೆಂದರೆ ಇಬ್ಬರ ನಡುವೆ ಒಂದು ಗೋಡೆ ಕಟ್ಟುವುದು. ಆ ಗೋಡೆ ವಿಚಿತ್ರದ್ದು. ಎಲೆಕ್ಟ್ರಾನನ್ನು ಕಳೆದುಕೊಂಡ ಹೈಡ್ರೋಜನ್, ಅಂದರೆ ಬರೀ ಪ್ರೋಟಾನು, ಅದರೊಳಗೆ ತೂರಿ ಹೋಗಬಹುದು. ಎಲೆಕ್ಟ್ರಾನು ಹೋಗುವಂತಿಲ್ಲ. ಅದು ಹೊರಗಿನ ತಂತಿಯ ಬಳಸುದಾರಿ ಹಿಡಿದು, ಊರೆಲ್ಲ ಸುತ್ತಿ, ಗೋಡೆಯ ಆಚೆ ಬದಿ ತಲುಪಿ, ಅಲ್ಲಿ ಕಾದಿರುವ ಪ್ರೋಟಾನು ಮತ್ತು ಆಮ್ಲಜನಕದ ಜೊತೆ ಸೇರಿ ನೀರಾಗಬೇಕು. ಆ ಬಳಸುದಾರಿಯಲ್ಲಿ ನಾವು ಸುಂಕದ ಕಟ್ಟೆ ಹಾಕಿಕೊಂಡು ಕುಳಿತಿರುತ್ತೇವೆ. ದೀಪವೋ ಮೋಟರೋ, ಹಾದುಹೋಗುವ ಪ್ರತಿ ಎಲೆಕ್ಟ್ರಾನಿನಿಂದ ಕೆಲಸ ವಸೂಲಿ ಮಾಡುತ್ತದೆ.

ಗೋಡೆಗೆ ಎಲೆಕ್ಟ್ರೋಲೈಟ್ ಎಂದು ಹೆಸರು. ಹೈಡ್ರೋಜನ್ ಬರುವ ಬದಿಯ ವಿದ್ಯುದ್ವಾರ ಆನೋಡ್, ಆಮ್ಲಜನಕ ಬರುವ ಬದಿಯದು ಕ್ಯಾಥೋಡ್. ನಮ್ಮ ಪಠ್ಯಗಳು ಆನೋಡನ್ನು ಧನಾಗ್ರ ಎಂದು ಕರೆದು ರೂಢಿ ಮಾಡಿವೆ. ಇಂಧನ ಕೋಶದಲ್ಲಿ ಆನೋಡೇ ಋಣ ತುದಿ. ಆದ್ದರಿಂದ ಇಲ್ಲಿ ಆ ಕನ್ನಡ ಪದಗಳನ್ನು ಬಳಸಿದರೆ ಓದುಗರ ಜೊತೆ ನನಗೂ ಗೊಂದಲವಾದೀತೆಂದು ಬಿಟ್ಟಿದ್ದೇನೆ.

ಹಾಗಾದರೆ ಇದು ಬ್ಯಾಟರಿಯೇ ತಾನೆ ಎಂದು ಕೇಳಬಹುದು. ಹತ್ತಿರದ ನೆಂಟ, ಆದರೆ ಮನೆ ಬೇರೆ. ಬ್ಯಾಟರಿ ಕಟ್ಟಿಕೊಂಡ ಬುತ್ತಿ ಇದ್ದಂತೆ. ಒಳಗಿರುವ ರಾಸಾಯನಿಕ ಮುಗಿದರೆ ಅದರ ಕಥೆ ಮುಗಿಯಿತು, ಇಲ್ಲವೇ ಮತ್ತೆ ಚಾರ್ಜ್ ಮಾಡಬೇಕು. ಇಂಧನ ಕೋಶ ಒಲೆ ಇದ್ದಂತೆ. ಸೌದೆ ಇಡುತ್ತಾ ಹೋದಷ್ಟು ಕಾಲ ಅಡುಗೆ ಆಗುತ್ತಲೇ ಇರುತ್ತದೆ, ಒಲೆ ತಾನು ಕರಗುವುದಿಲ್ಲ. ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಸೌದೆಯ ರಾಶಿ ತೀರ್ಮಾನಿಸುತ್ತದೆ, ಒಂದೇ ಸಲಕ್ಕೆ ಎಷ್ಟು ಮಂದಿಗೆ ಬೇಯಿಸಬಹುದೆಂಬುದನ್ನು ಒಲೆಯ ಗಾತ್ರ. ಈ ಎರಡು ಲೆಕ್ಕ ಬೇರೆ ಬೇರೆಯಾಗಿರುವುದೇ ಇಂಧನ ಕೋಶದ ದೊಡ್ಡ ಅನುಕೂಲ. ಬ್ಯಾಟರಿಯಲ್ಲಿ ಎರಡೂ ಒಂದೇ ಡಬ್ಬಿಯೊಳಗೆ ಸಿಕ್ಕಿಕೊಂಡಿರುತ್ತವೆ.

ಇನ್ನು ದಕ್ಷತೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಸ್ಥಾವರದಲ್ಲಿ ಕಲ್ಲಿದ್ದಲಿನ ಶಕ್ತಿ ಮೊದಲು ಶಾಖವಾಗಬೇಕು, ಶಾಖ ಹಬೆಯಾಗಬೇಕು, ಹಬೆ ಟರ್ಬೈನನ್ನು ತಿರುಗಿಸಬೇಕು, ಟರ್ಬೈನು ಜನರೇಟರನ್ನು. ಇಷ್ಟು ಕೈ ದಾಟುವಷ್ಟರಲ್ಲಿ ಇಂಥ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಮೂರನೆಯ ಒಂದು ಪಾಲಿನ ಆಸುಪಾಸು. ಶಾಖದಿಂದ ಕೆಲಸ ತೆಗೆಯುವ ಯಾವ ಯಂತ್ರಕ್ಕೂ ತಾಪದ ವ್ಯತ್ಯಾಸ ಹಾಕುವ ಮಿತಿಯೊಂದಿದೆ. ಫ್ರಾನ್ಸಿನ ಸಾದಿ ಕಾರ್ನೊ ಅದನ್ನು 1824ರಲ್ಲೇ ತೋರಿಸಿಕೊಟ್ಟಿದ್ದ. ಇಂಧನ ಕೋಶ ಶಾಖದ ಮೆಟ್ಟಿಲನ್ನೇ ಹತ್ತುವುದಿಲ್ಲವಾದ್ದರಿಂದ ಆ ಮಿತಿ ಇದಕ್ಕೆ ಅನ್ವಯಿಸದು. ಹಾಗೆಂದು ಇದಕ್ಕೆ ಮಿತಿಯೇ ಇಲ್ಲವೆಂದು ಕೆಲವರು ಬರೆದುಬಿಡುತ್ತಾರೆ, ಅದು ತಪ್ಪು. ಒಂದು ಮೋಲ್, ಅಂದರೆ ಸುಮಾರು 2 ಗ್ರಾಂ ಹೈಡ್ರೋಜನ್ ಉರಿದಾಗ 286 ಕಿಲೋಜೂಲ್ ಶಾಖ ಬರುತ್ತದೆ. ಅದರಲ್ಲಿ ಸಾಮಾನ್ಯ ತಾಪದಲ್ಲಿ ವಿದ್ಯುತ್ತಾಗಿ ತೆಗೆಯಬಹುದಾದದ್ದು ಹೆಚ್ಚೆಂದರೆ 237 ಕಿಲೋಜೂಲ್, ಅಂದರೆ ಶೇ 83. ವ್ಯವಹಾರದಲ್ಲಿ ಸಿಗುವುದು ಶೇ 40ರಿಂದ 60. ಉಳಿದದ್ದು ಶಾಖವಾಗುತ್ತದೆ.

ಒಂದು ಕೋಶದಿಂದ ಸಿಗುವ ವೋಲ್ಟೇಜು ಕೂಡ ಅತ್ಯಲ್ಪ. ತತ್ತ್ವದ ಪ್ರಕಾರ 1.23 ವೋಲ್ಟ್, ನಿಜದಲ್ಲಿ ಕೆಲಸಕ್ಕೆ ಹಚ್ಚಿದಾಗ 0.7ರ ಸುತ್ತಮುತ್ತ. ಗೋಡೆಗಡಿಯಾರದ ಸೆಲ್ಲಿನ ಅರ್ಧದಷ್ಟೂ ಇಲ್ಲ. ಹಾಗಾಗಿ ಬಿಸ್ಕತ್ತಿನ ಪೊಟ್ಟಣದ ಹಾಗೆ ಹತ್ತಾರು, ನೂರಾರು ತೆಳು ಕೋಶಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಬೇಕಾಗುತ್ತದೆ.

ಇಷ್ಟು ಸರಳವಾದದ್ದನ್ನು ಮೊದಲು ಮಾಡಿ ನೋಡಿದವನು ವೃತ್ತಿಯಿಂದ ವಕೀಲ. ವೇಲ್ಸಿನ ಸ್ವಾನ್ಸೀ ಪಟ್ಟಣದಲ್ಲಿ 1811ರಲ್ಲಿ ಹುಟ್ಟಿದ ವಿಲಿಯಂ ರಾಬರ್ಟ್ ಗ್ರೋವ್ ಕಾನೂನು ಓದಿ, ಬಿಡುವಿನ ವೇಳೆಯಲ್ಲಿ ವಿದ್ಯುತ್ತಿನ ಹಿಂದೆ ಬಿದ್ದವನು. 1839ರ ಆರಂಭದಲ್ಲಿ ಅವನ ಪತ್ರವೊಂದು ಲಂಡನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು: ಆಮ್ಲದಲ್ಲಿ ಅರ್ಧ ಮುಳುಗಿದ ಎರಡು ಪ್ಲಾಟಿನಂ ಪಟ್ಟಿಗಳ ಮೇಲ್ತುದಿಯನ್ನು ಒಂದರದ್ದು ಹೈಡ್ರೋಜನ್ನಿನಲ್ಲೂ ಇನ್ನೊಂದರದ್ದು ಆಮ್ಲಜನಕದಲ್ಲೂ ಇಟ್ಟರೆ ಅವುಗಳ ನಡುವೆ ವಿದ್ಯುತ್ತು ಹರಿಯುತ್ತದೆ ಎಂದು. ಅದಕ್ಕೆ ಕೇವಲ ಒಂದು ತಿಂಗಳು ಮೊದಲು ಅದೇ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಪ್ರೊಫೆಸರ್ ಕ್ರಿಶ್ಚಿಯನ್ ಫ್ರೀಡ್ರಿಕ್ ಷೋನ್‌ಬೈನ್ ಇಂಥದ್ದೇ ಪರಿಣಾಮವನ್ನು ವರದಿ ಮಾಡಿದ್ದ. ಓಜೋನನ್ನು ಗುರುತಿಸಿದವನೂ ಇವನೇ. ಯಾರು ಮೊದಲು ಎಂಬ ಜಗಳಕ್ಕೆ ಎಲ್ಲ ಸಾಮಗ್ರಿ ಸಿದ್ಧವಾಗಿದ್ದರೂ ಇಬ್ಬರೂ ಗೆಳೆಯರಾಗಿ ಜೀವನವಿಡೀ ಪತ್ರ ಬರೆದುಕೊಂಡರು. ವಿಜ್ಞಾನದ ಚರಿತ್ರೆಯಲ್ಲಿ ಇದು ಅಪರೂಪ.

1842ರಲ್ಲಿ ಗ್ರೋವ್ 50 ಜೋಡಿಗಳನ್ನು ಸಾಲಾಗಿ ಜೋಡಿಸಿ 'ಅನಿಲ ಬ್ಯಾಟರಿ' ಕಟ್ಟಿದ. ಕೈಕೈ ಹಿಡಿದು ನಿಂತ ಐವರಿಗೆ ಅದರ ಶಾಕ್ ತಟ್ಟಿತು. ಅದೇ ಬ್ಯಾಟರಿಯಿಂದ ಬೇರೊಂದು ಪಾತ್ರೆಯ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದೂ ತೋರಿಸಿದ. ನೀರು ಕಟ್ಟುವ ಶಕ್ತಿಯಿಂದಲೇ ನೀರು ಒಡೆಯುವ ಈ ಆಟ ಅವನಿಗೆ ಬಹಳ ಪ್ರಿಯವಾಗಿತ್ತು. ಶಾಖ, ಬೆಳಕು, ವಿದ್ಯುತ್ತು, ಚಲನೆ ಇವೆಲ್ಲ ಒಂದರಿಂದ ಒಂದಕ್ಕೆ ಬದಲಾಗಬಲ್ಲವು ಎಂಬ ವಿಚಾರವನ್ನು ಅವನು ಮುಂದೆ ಪುಸ್ತಕವಾಗಿಯೇ ಬರೆದ. ಮುಂದಿನ ಬದುಕು ನ್ಯಾಯಾಲಯದ್ದು. 1856ರಲ್ಲಿ ಇಂಗ್ಲೆಂಡನ್ನೇ ಅಲ್ಲಾಡಿಸಿದ ವಿಲಿಯಂ ಪಾಮರ್ ವಿಷಪ್ರಾಶನ ಮೊಕದ್ದಮೆಯಲ್ಲಿ ಗ್ರೋವ್ ಆರೋಪಿಯ ವಕೀಲರಲ್ಲೊಬ್ಬ. ಸ್ಟ್ರಿಕ್ನಿನ್ ವಿಷದ ರಸಾಯನಶಾಸ್ತ್ರದ ಮೇಲೆ ನಿಂತಿದ್ದ ಮೊಕದ್ದಮೆಗೆ ಇಂಥ ವಕೀಲ ಬೇಕೆನಿಸಿದ್ದು ಸಹಜ. ಪಾಮರನಿಗೆ ಗಲ್ಲಾಯಿತು, ಗ್ರೋವ್ ಕೊನೆಗೆ ನ್ಯಾಯಾಧೀಶನಾದ.

ಆದರೆ ಅವನ ಅನಿಲ ಬ್ಯಾಟರಿಯಿಂದ ಬರುತ್ತಿದ್ದ ವಿದ್ಯುತ್ತು ತೀರಾ ಕಡಿಮೆ. ಏಕೆಂಬುದನ್ನೂ ಅವನೇ ಕಂಡುಕೊಂಡಿದ್ದ, ಮತ್ತು ನನ್ನ ಮಟ್ಟಿಗೆ ಅವನ ನಿಜವಾದ ಕಾಣ್ಕೆ ಅದು. ಅನಿಲ, ಆಮ್ಲ, ಪ್ಲಾಟಿನಂ ಮೂರೂ ಒಂದನ್ನೊಂದು ಮುಟ್ಟುವ ಜಾಗದಲ್ಲಿ ಮಾತ್ರ ಕ್ರಿಯೆ ನಡೆಯುತ್ತದೆ. ಪಟ್ಟಿಯ ಮುಳುಗಿದ ಭಾಗಕ್ಕೆ ಅನಿಲ ಸಿಗುವುದಿಲ್ಲ. ಮೇಲಿನ ಒಣ ಭಾಗಕ್ಕೆ ಆಮ್ಲ ಸಿಗುವುದಿಲ್ಲ. ದ್ರವದ ಅಂಚು ಪ್ಲಾಟಿನಮ್ಮನ್ನು ಸವರಿಕೊಂಡಿರುವ ಕೂದಲೆಳೆಯಷ್ಟು ಗೆರೆಯೇ ಅವನ ಇಡೀ ವಿದ್ಯುತ್ ಸ್ಥಾವರ.

ದೇವರ ಮುಂದಿನ ಹಣತೆಯನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಬತ್ತಿ ಎಣ್ಣೆಯಲ್ಲಿ ಪೂರ್ತಿ ಮುಳುಗಿದರೆ ದೀಪ ನಂದುತ್ತದೆ, ಎಣ್ಣೆ ಏರದೆ ಒಣಗಿದರೂ ನಂದುತ್ತದೆ. ಎಣ್ಣೆ, ಗಾಳಿ, ನೂಲು ಮೂರೂ ಕೂಡುವ ತುದಿಯಲ್ಲಷ್ಟೇ ಬೆಳಕು. ಇಂಧನ ಕೋಶ ಕಟ್ಟುವವರ ಕೆಲಸ ಒಂದೇ: ಒಂದು ಗೆರೆಯಷ್ಟಿದ್ದ ಆ ತುದಿಯನ್ನು ಒಂದು ಹಾಳೆಯಷ್ಟು ಹರಡುವುದು, ಮತ್ತು ಅದು ಎಲ್ಲೂ ಮುಳುಗದಂತೆ, ಎಲ್ಲೂ ಒಣಗದಂತೆ ನೋಡಿಕೊಳ್ಳುವುದು.

ಈ ಕೆಲಸಕ್ಕೆ ಮೊದಲು ಗಂಭೀರವಾಗಿ ಕೈ ಹಾಕಿದವರು ಇಂಗ್ಲೆಂಡಿನ ರಾಸಾಯನಿಕ ಉದ್ಯಮಿ ಲುಡ್ವಿಗ್ ಮಾಂಡ್ ಮತ್ತು ಅವನ ಸಹಾಯಕ ಕಾರ್ಲ್ ಲ್ಯಾಂಗರ್, 1889ರಲ್ಲಿ. ಬಟ್ಟಲಿನಲ್ಲಿ ಆಮ್ಲ ತುಂಬಿಡುವ ಬದಲು ರಂಧ್ರಗಳುಳ್ಳ ಹಲಗೆಯೊಂದು ಆಮ್ಲವನ್ನು ಹೀರಿಕೊಳ್ಳುವಂತೆ ಮಾಡಿ, ಎರಡು ಬದಿಗೆ ಸಣ್ಣ ಸಣ್ಣ ತೂತುಗಳ ತೆಳು ಪ್ಲಾಟಿನಂ ಹಾಳೆ ಅಂಟಿಸಿದರು. 'ಇಂಧನ ಕೋಶ' ಎಂಬ ಹೆಸರಿನ ಮೂಲವನ್ನೂ ಸಾಮಾನ್ಯವಾಗಿ ಇವರಿಗೇ ಸಲ್ಲಿಸುತ್ತಾರೆ. ಆದರೆ ಅವರಿಗೆ ಬೇಕಾಗಿದ್ದದ್ದು ಶುದ್ಧ ಹೈಡ್ರೋಜನ್ನಿನಿಂದಲ್ಲ, ಕಲ್ಲಿದ್ದಲಿನಿಂದ ತೆಗೆದ ಅಗ್ಗದ ಅನಿಲದಿಂದ ವಿದ್ಯುತ್ತು. ಆ ಅನಿಲದಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಮ್ಮಿಗೆ ಅಂಟಿಕೊಂಡು ಕೂತರೆ ಏಳುವುದಿಲ್ಲ, ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟವರ ಹಾಗೆ. ಹೈಡ್ರೋಜನ್ನಿಗೆ ಕೂರಲು ಜಾಗವೇ ಸಿಗದು. ಜೊತೆಗೆ ಪ್ಲಾಟಿನಮ್ಮಿನ ಬೆಲೆ. ಪ್ರಯತ್ನ ಅಲ್ಲಿಗೇ ನಿಂತಿತು.

ಕಲ್ಲಿದ್ದಲಿನ ಆಸೆ ಮಾತ್ರ ಸುಲಭದಲ್ಲಿ ಬಿಡಲಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1894ರಲ್ಲಿ ಮಾಡಿದ ಭಾಷಣದಲ್ಲಿ, ಹಬೆಯಂತ್ರ ಎಂಬುದು ಶುದ್ಧ ದುಂದು, ಕಲ್ಲಿದ್ದಲನ್ನು ಉರಿಸದೆ ನೇರವಾಗಿ ವಿದ್ಯುತ್ತಾಗಿಸುವ ಕೋಶ ಬಂದರೆ ಹೊಗೆಯಿಲ್ಲದ ಹೊಸ ಯುಗವೇ ಬಂದಂತೆ ಎಂಬ ಅರ್ಥದಲ್ಲಿ ಮಾತನಾಡಿದ. ಎರಡು ವರ್ಷದ ನಂತರ ಅಮೆರಿಕದ ವಿಲಿಯಂ ಜಾಕ್ಸ್ ಕಬ್ಬಿಣದ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ, ಇದ್ದಿಲ ದಿಂಡು ಇಳಿಬಿಟ್ಟು, ಗಾಳಿ ಊದಿ ವಿದ್ಯುತ್ತು ತೆಗೆದೂ ತೋರಿಸಿದ. ಪತ್ರಿಕೆಗಳು ಸಂಭ್ರಮಿಸಿದವು. ಇದ್ದಿಲಿನಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕಾಸ್ಟಿಕ್ ಸೋಡಾವನ್ನೇ ತಿಂದು ವಾಷಿಂಗ್ ಸೋಡಾ ಮಾಡಿಬಿಡುತ್ತಿತ್ತು. ಒಲೆಯ ಹೊಗೆ ಒಲೆಯನ್ನೇ ಕರಗಿಸಿದ ಹಾಗಾಯಿತು. ಅಷ್ಟರಲ್ಲಿ ಡೈನಮೊ ಮತ್ತು ಹಬೆ ಟರ್ಬೈನುಗಳು ಎಷ್ಟು ಬೇಗ ಬೆಳೆದವೆಂದರೆ ಮುಂದಿನ ನಲವತ್ತು ವರ್ಷ ಇಂಧನ ಕೋಶ ಕೆಲವೇ ಪ್ರಯೋಗಾಲಯಗಳ ಹಠವಾಗಿ ಉಳಿಯಿತು.

ಕಥೆಯ ನಿಜವಾದ ನಾಯಕ ಇಲ್ಲಿ ಬರುತ್ತಾನೆ. ಫ್ರಾನ್ಸಿಸ್ ಥಾಮಸ್ ಬೇಕನ್, ಹುಟ್ಟಿದ್ದು 1904ರಲ್ಲಿ, ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನ ಮನೆತನಕ್ಕೆ ಸೇರಿದವನು. ಓದಿದ್ದು ಎಂಜಿನಿಯರಿಂಗ್. ಹಬೆ ಟರ್ಬೈನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ. ಇಂಧನ ಕೋಶದ ಬಗ್ಗೆ ಓದಿ ಅದರ ಗುಂಗು ಹತ್ತಿದ ಮೇಲೆ ಮಾಲೀಕರಿಗೆ ತಿಳಿಸದೆ ಕಾರ್ಖಾನೆಯಲ್ಲೇ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಒತ್ತಡದಲ್ಲಿ ತುಂಬಿ ಪ್ರಯೋಗ ಶುರು ಮಾಡಿದ. ಮಾಲೀಕರಿಗೆ ಗೊತ್ತಾದಾಗ ಅವರು ಕೊಟ್ಟ ಆಯ್ಕೆ ಸ್ಪಷ್ಟವಾಗಿತ್ತು: ಇದನ್ನು ನಿಲ್ಲಿಸು, ಇಲ್ಲವೇ ಕೆಲಸ ಬಿಡು. ಅವನು ಕೆಲಸ ಬಿಟ್ಟ. (ಆ ಮಾಲೀಕರನ್ನು ನಾನು ಪೂರ್ತಿ ದೂರಲಾರೆ. ಸಿಡಿಯಬಲ್ಲ ಎರಡು ಅನಿಲಗಳನ್ನು ಗುಟ್ಟಾಗಿ ಪಕ್ಕಪಕ್ಕ ಇಟ್ಟುಕೊಂಡ ನೌಕರನನ್ನು ಯಾರು ತಾನೇ ಸಹಿಸಿಯಾರು.)

ಬೇಕನ್ ಮೊದಲು ಆಮ್ಲವನ್ನು ಕೈಬಿಟ್ಟ. ಆಮ್ಲದಲ್ಲಿ ತುಕ್ಕು ಹಿಡಿಯದೆ ಬಾಳುವ ಕ್ರಿಯಾವರ್ಧಕವೆಂದರೆ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಪ್ಲಾಟಿನಮ್ಮಿನಂಥ ದುಬಾರಿ ಲೋಹ. ಅದರ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಹಿಡಿದರೆ ನಿಕ್ಕಲ್ ಸಾಕು. ಕ್ಷಾರದಲ್ಲಿ ಗೋಡೆ ದಾಟುವ ಕಣ ಬೇರೆ, ದಿಕ್ಕೂ ಉಲ್ಟಾ: ಹೈಡ್ರಾಕ್ಸೈಡ್ ಅಯಾನುಗಳು ಆಮ್ಲಜನಕದ ಕಡೆಯಿಂದ ಹೈಡ್ರೋಜನ್ನಿನ ಕಡೆಗೆ ಬರುತ್ತವೆ. ಸುಂಕದ ಕಟ್ಟೆಗೆ ಅದರಿಂದ ವ್ಯತ್ಯಾಸವಿಲ್ಲ. ನಿಕ್ಕಲ್ ಮಂದಗತಿಯದ್ದು, ಅದನ್ನು ಚುರುಕು ಮಾಡಲು ತಾಪವನ್ನು 200 ಡಿಗ್ರಿಯ ಆಸುಪಾಸಿಗೆ ಏರಿಸಿದ. ಆ ತಾಪದಲ್ಲಿ ದ್ರಾವಣ ಕುದಿದು ಆವಿಯಾಗದಿರಲು ಪ್ರೆಶರ್ ಕುಕ್ಕರಿನ ಹಾದಿ ಹಿಡಿದು ಒತ್ತಡ ಹೆಚ್ಚಿಸಿದ.

ಹಣತೆಯ ಬತ್ತಿಯ ಸಮಸ್ಯೆಗೆ ಅವನು ಕಂಡುಕೊಂಡ ಪರಿಹಾರವಂತೂ ಸೊಗಸು. ನಿಕ್ಕಲ್ ಪುಡಿಯನ್ನು ಸುಟ್ಟು ಗಟ್ಟಿ ಮಾಡಿದ ರಂಧ್ರಮಯ ಬಿಲ್ಲೆಯಲ್ಲಿ ಎರಡು ಪದರ. ದ್ರವದ ಕಡೆಯ ಪದರದಲ್ಲಿ ಅತಿ ಸಣ್ಣ ರಂಧ್ರಗಳು, ಅನಿಲದ ಕಡೆಯಲ್ಲಿ ದೊಡ್ಡವು. ಸಣ್ಣ ರಂಧ್ರಗಳು ಬತ್ತಿಯ ನೂಲಿನಂತೆ ದ್ರವವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅನಿಲದ ಒತ್ತಡವನ್ನು ದ್ರವದ ಒತ್ತಡಕ್ಕಿಂತ ತುಸುವೇ ಹೆಚ್ಚಿಗೆ ಇಟ್ಟರೆ ದೊಡ್ಡ ರಂಧ್ರಗಳಿಂದ ದ್ರವ ಹಿಂದೆ ಸರಿಯುತ್ತದೆ, ಸಣ್ಣವುಗಳಿಂದ ಸರಿಯುವುದಿಲ್ಲ. ಎರಡು ಪದರಗಳು ಸೇರುವಲ್ಲಿ, ಬಿಲ್ಲೆಯ ಅಗಲಕ್ಕೂ, ಅನಿಲ, ದ್ರವ ಮತ್ತು ಲೋಹದ ಕೂಡಲು ತಾನೇ ತಾನಾಗಿ ನಿಲ್ಲುತ್ತದೆ. ಗ್ರೋವ್‌ನ ಕೂದಲೆಳೆ ಕೊನೆಗೂ ಹಾಳೆಯಾಯಿತು. ಆಮ್ಲಜನಕದ ಬದಿಯ ನಿಕ್ಕಲ್ ಸವೆದು ಹೋಗುವ ಕಾಟವೂ ಇತ್ತು, ಅದರ ಆಕ್ಸೈಡಿಗೆ ಸ್ವಲ್ಪ ಲಿಥಿಯಂ ಸೇರಿಸಿ ಅದನ್ನೂ ಹತ್ತಿಕ್ಕಿದ.

ಯುದ್ಧ ಬಂತು, ಜಲಾಂತರ್ಗಾಮಿಗಳಿಗೆ ಸಂಬಂಧಿಸಿದ ಕೆಲಸಕ್ಕೆ ಹೋದ, 1946ರಲ್ಲಿ ಕೇಂಬ್ರಿಜ್‌ಗೆ ಬಂದ. ಹಣ ಕೊಡುವವರು ಆಗಾಗ ಮನಸ್ಸು ಬದಲಿಸಿದರು. 1959ರ ಆಗಸ್ಟಿನಲ್ಲಿ 40 ಕೋಶಗಳ, ಸುಮಾರು 5 ಕಿಲೋವ್ಯಾಟಿನ ಯಂತ್ರವನ್ನು ಜನರ ಮುಂದೆ ಚಾಲೂ ಮಾಡಿದ. ಅದು ವೆಲ್ಡಿಂಗ್ ಮಾಡಿತು, ಗರಗಸ ತಿರುಗಿಸಿತು, ಸರಕು ಎತ್ತುವ ಗಾಡಿ ಓಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಆ್ಯಲಿಸ್-ಚಾಮರ್ಸ್ ಕಂಪನಿ 1,008 ಕೋಶಗಳನ್ನು ಜೋಡಿಸಿದ ಟ್ರ್ಯಾಕ್ಟರಿನಿಂದ ಹೊಲದ ಉಳುಮೆ ಮಾಡಿಸಿತು. ಬ್ರಿಟನ್ನಿನಲ್ಲಿ ಕೊಳ್ಳುವವರು ಮುಂದೆ ಬರಲಿಲ್ಲ. ಬೇಕನ್ನನ ಪೇಟೆಂಟಿನ ಪರವಾನಗಿ ಅಮೆರಿಕದ ಪ್ರ್ಯಾಟ್ ಆ್ಯಂಡ್ ವಿಟ್ನಿ ಕಂಪನಿಯ ಪಾಲಾಯಿತು.

ಅಮೆರಿಕಕ್ಕೆ ಬೇಕಾಗಿದ್ದದ್ದು ಚಂದ್ರನಲ್ಲಿಗೆ ಹೋಗುವ ನೌಕೆಗೆ ವಿದ್ಯುತ್ತು. ಒಂದೆರಡು ದಿನದ ಯಾನಕ್ಕೆ ಬ್ಯಾಟರಿ ಸಾಕು, ವರ್ಷಗಟ್ಟಲೆಗಾದರೆ ಸೌರಫಲಕ ಒಳ್ಳೆಯದು. ಒಂದೆರಡು ವಾರದ ಯಾನಕ್ಕೆ ಆ ಕಾಲದಲ್ಲಿ ಎರಡೂ ಒಗ್ಗುತ್ತಿರಲಿಲ್ಲ. ಬುತ್ತಿ ಭಾರವಾಗುವಷ್ಟು ದೂರ ಹೋಗುವವರು ಒಲೆಯನ್ನೇ ಹೊತ್ತೊಯ್ಯಬೇಕು. ಅಪೊಲೊ ನೌಕೆಯ ಸೇವಾ ವಿಭಾಗದಲ್ಲಿ ಮೂರು ಘಟಕಗಳಿದ್ದವು, ಒಂದೊಂದರಲ್ಲಿ 31 ಕೋಶ, ಎಲ್ಲವೂ ಬೇಕನ್ನನ ಮಾದರಿಯ ಮಕ್ಕಳು. ಬಸಿದು ಬಂದ ನೀರನ್ನೇ ಗಗನಯಾನಿಗಳು ಕುಡಿದರು, ಅದರಲ್ಲೇ ಒಣ ಆಹಾರ ಕಲಸಿಕೊಂಡರು. ಆ ನೀರಿನಲ್ಲಿ ಕರಗಿ ಉಳಿದಿದ್ದ ಹೈಡ್ರೋಜನ್ನಿನಿಂದ ಹೊಟ್ಟೆಯುಬ್ಬರದ ತೊಂದರೆಯಾಯಿತೆಂಬುದು ವೀರಗಾಥೆಗಳಲ್ಲಿ ಬಾರದ ವಿವರ.

1970ರ ಏಪ್ರಿಲಿನಲ್ಲಿ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕು ಸಿಡಿದಾಗ ಉಸಿರಾಟದ ಗಾಳಿಗಿಂತ ಮೊದಲು ಕೈಕೊಟ್ಟದ್ದು ವಿದ್ಯುತ್ತು. ಇಂಧನ ಕೋಶಗಳಲ್ಲಿ ದೋಷವೇನೂ ಇರಲಿಲ್ಲ. ಸೌದೆ ನಿಂತ ಒಲೆಗಳಂತೆ ಒಂದೊಂದಾಗಿ ಆರಿದವು. ಜೊತೆಗೆ ಕುಡಿಯುವ ನೀರಿನ ಉತ್ಪಾದನೆಯೂ ನಿಂತಿತು. ಮೂವರೂ ಬದುಕಿ ಬಂದದ್ದು ಚಂದ್ರನ ಮೇಲೆ ಇಳಿಯಲೆಂದು ಇದ್ದ ಪುಟ್ಟ ನೌಕೆಯ ಬ್ಯಾಟರಿಗಳಿಂದ, ಅಂದರೆ ಬುತ್ತಿಯಿಂದ.

ಅಪೊಲೊಗಿಂತ ಮೊದಲೇ, 1965ರ ಆಗಸ್ಟಿನಲ್ಲಿ, ಜೆಮಿನಿ 5 ನೌಕೆಯಲ್ಲಿ ಬೇರೆಯೇ ಜಾತಿಯ ಇಂಧನ ಕೋಶ ಹಾರಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಥಾಮಸ್ ಗ್ರಬ್ ಮತ್ತು ಲಿಯೊನಾರ್ಡ್ ನೀಡ್ರಾಕ್ ದ್ರವವನ್ನೇ ಕಿತ್ತೆಸೆದು ಪ್ಲಾಸ್ಟಿಕ್ ಪೊರೆಯೊಂದನ್ನು ಗೋಡೆಯಾಗಿಸಿದ್ದರು. ಪ್ರೋಟಾನುಗಳು ಅದರೊಳಗೆ ಹಾಯುತ್ತವೆ, ಪ್ಲಾಟಿನಂ ಪುಡಿ ಅದರ ಮೈಗೇ ಅಂಟಿಕೊಂಡಿರುತ್ತದೆ. ಮೊದಲ ಪೊರೆ ಬೇಗ ಹಾಳಾಗುತ್ತಿತ್ತು. ಮುಂದೆ ಡ್ಯೂಪಾಂಟ್ ಕಂಪನಿಯ ನಾಫಿಯಾನ್ ಬಂದು ಆ ಕೊರತೆ ನೀಗಿತು. ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಟೆಫ್ಲಾನಿನ ದಾಯಾದಿ ಅದು. ಇಂದು ಕಾರು, ಬಸ್ಸುಗಳಲ್ಲಿ ಕೂರುವುದು ಈ ಪೊರೆಯ ಕೋಶವೇ. 60ರಿಂದ 80 ಡಿಗ್ರಿಯಲ್ಲಿ ನಡೆಯುತ್ತದೆ, ಬೇಗ ಚಾಲೂ ಆಗುತ್ತದೆ, ಚೆಲ್ಲುವ ದ್ರವವಿಲ್ಲ. ಹಾಗಿದ್ದರೂ ಬತ್ತಿಯ ಸಮಸ್ಯೆ ಇಲ್ಲೂ ತಪ್ಪಲಿಲ್ಲ. ಪೊರೆ ಒದ್ದೆಯಿದ್ದರಷ್ಟೇ ಪ್ರೋಟಾನು ದಾಟುತ್ತದೆ. ಆದರೆ ಹುಟ್ಟುವ ನೀರು ಹೊರಹೋಗದೆ ನಿಂತರೆ ಆಮ್ಲಜನಕಕ್ಕೆ ದಾರಿ ಮುಚ್ಚುತ್ತದೆ. ಹಾಗಾಗಿ ಪಕ್ಕದ ಪದರಕ್ಕೆ ಟೆಫ್ಲಾನ್ ಸೇರಿಸಿ, ಕೆಸುವಿನ ಎಲೆಯ ಮೇಲಿನಿಂದ ಜಾರುವಂತೆ ನೀರು ಜಾರಿಹೋಗುವ ಏರ್ಪಾಡು ಮಾಡುತ್ತಾರೆ. ಪ್ಲಾಟಿನಮ್ಮಿನ ಖರ್ಚನ್ನು ಇಳಿಸಿದ್ದೂ ಇದೇ ವಿದ್ಯೆ. 1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರು ಕಾರ್ಬನ್ ಪುಡಿಯ ಮೇಲೆ ಪ್ಲಾಟಿನಮ್ಮಿನ ಅತಿ ಸಣ್ಣ ಕಣಗಳನ್ನು ಕೂರಿಸಿ, ಅದರೊಳಕ್ಕೆ ಪೊರೆಯ ಪದಾರ್ಥವನ್ನೇ ದ್ರಾವಣವಾಗಿ ಇಳಿಸಿದರು. ಒಳಗೆ ಹುದುಗಿ ಕೆಲಸಕ್ಕೆ ಬಾರದಿದ್ದ ಕಣಗಳೆಲ್ಲ ಕೂಡಲಿಗೆ ಬಂದವು. ಪ್ಲಾಟಿನಂ ಹತ್ತನೆಯ ಒಂದು ಪಾಲು ಸಾಕಾಯಿತು.

ಇನ್ನೊಂದು ಕವಲಿನಲ್ಲಿ ದ್ರವವೂ ಇಲ್ಲ, ಪೊರೆಯೂ ಇಲ್ಲ, ಇರುವುದು ಪಿಂಗಾಣಿ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಿರ್ಕೋನಿಯಂ ಆಕ್ಸೈಡಿಗೆ ಇಟ್ರಿಯಂ ಆಕ್ಸೈಡ್ ಬೆರೆಸಿ ದೀಪದ ಕಡ್ಡಿ ಮಾಡಿದ್ದ. ಕೆಂಪಗೆ ಕಾದಾಗ ಅದರೊಳಗೆ ಆಮ್ಲಜನಕದ ಅಯಾನುಗಳು ಓಡಾಡುತ್ತವೆ. ಸ್ವಿಟ್ಜರ್ಲೆಂಡಿನ ಎಮಿಲ್ ಬೌರ್ 1937ರಲ್ಲಿ ಇದನ್ನೇ ಗೋಡೆಯಾಗಿಸಿ ಕೋಶ ಕಟ್ಟಿದ. ಇಂಥ ಕೋಶಗಳು 600ರಿಂದ 1,000 ಡಿಗ್ರಿಯಲ್ಲಿ ನಡೆಯುತ್ತವೆ. ಅಷ್ಟು ಕಾವಿನಲ್ಲಿ ಪ್ಲಾಟಿನಂ ಬೇಡ, ಕಾರ್ಬನ್ ಮೊನಾಕ್ಸೈಡೂ ಇಂಧನವೇ, ನೈಸರ್ಗಿಕ ಅನಿಲವನ್ನೂ ತಿನ್ನಿಸಬಹುದು. ಆದರೆ ಕಾಯಿಸಿ ತಣಿಸುವ ಆಟದಲ್ಲಿ ಪಿಂಗಾಣಿ ಬಿರುಕು ಬಿಡುತ್ತದೆ, ಆದ್ದರಿಂದ ಸದಾ ವಿದ್ಯುತ್ತು ಬೇಕಾದ ಕಟ್ಟಡಗಳಿಗೆ, ಡೇಟಾ ಕೇಂದ್ರಗಳಿಗೆ ಇದು ಸರಿ. ಈ ಕ್ಷೇತ್ರದ ಹೆಸರಾಂತ ಬ್ಲೂಮ್ ಎನರ್ಜಿ ಕಂಪನಿಯನ್ನು ಕಟ್ಟಿದ ಕೆ.ಆರ್. ಶ್ರೀಧರ್ ಭಾರತದಲ್ಲಿ ಹುಟ್ಟಿ ತಿರುಚ್ಚಿಯಲ್ಲಿ ಎಂಜಿನಿಯರಿಂಗ್ ಓದಿದವರು. ಮಂಗಳ ಗ್ರಹದ ಗಾಳಿಯಿಂದ ಆಮ್ಲಜನಕ ತೆಗೆಯುವ ಯಂತ್ರವನ್ನು ನಾಸಾಕ್ಕಾಗಿ ರೂಪಿಸುತ್ತಿದ್ದ ಅವರು, ಆ ಯಾನ ರದ್ದಾದಾಗ ಅದೇ ವಿದ್ಯೆಯನ್ನು ತಿರುವುಮುರುವು ಮಾಡಿ ವಿದ್ಯುತ್ತಿನ ಉದ್ಯಮಕ್ಕಿಳಿದರು. ಆಮ್ಲಜನಕದ ಆ ಕನಸು 2021ರಲ್ಲಿ ಬೇರೆಯವರ ಕೈಯಲ್ಲಿ ನನಸಾಯಿತು. ಪರ್ಸೆವೆರೆನ್ಸ್ ರೋವರಿನ ಮಾಕ್ಸಿ ಎಂಬ ಉಪಕರಣ ಮೊದಲ ಸಲಕ್ಕೆ ಮಂಗಳದಲ್ಲಿ ಸುಮಾರು 5 ಗ್ರಾಂ ಆಮ್ಲಜನಕ ತೆಗೆಯಿತು.

ಹಾಗಾದರೆ ಇಷ್ಟು ಒಳ್ಳೆಯ ಒಲೆ ಮನೆಮನೆಗೂ ಏಕೆ ಬಂದಿಲ್ಲ? ಸೌದೆಯ ಪ್ರಶ್ನೆ. ಹೈಡ್ರೋಜನ್ ಗಣಿಯಲ್ಲಿ ಅಗೆದು ತರುವ ಇಂಧನವಲ್ಲ, ಅದನ್ನು ಮಾಡಿಕೊಳ್ಳಬೇಕು. ಇಂದು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್ನಿನ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ತೆಗೆದರೆ 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಾರಿನ ಕೊಳವೆಯಿಂದ ಬರೀ ನೀರು ತೊಟ್ಟಿಕ್ಕುವುದನ್ನು ತೋರಿಸುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಸೌರ ಅಥವಾ ಗಾಳಿ ವಿದ್ಯುತ್ತಿನಿಂದ ನೀರು ಒಡೆದು ಪಡೆಯುವುದು ಶುದ್ಧ ದಾರಿ, ನಿಜ. ಅದರ ಲೆಕ್ಕ ಹೀಗಿದೆ: ಒಂದು ಕಿಲೋ ಹೈಡ್ರೋಜನ್ನಿಗೆ 50ರಿಂದ 55 ಯೂನಿಟ್ ವಿದ್ಯುತ್ತು ಬೇಕು, ಕಾರಿನ ಟ್ಯಾಂಕಿಗೆ 700 ಬಾರ್ ಒತ್ತಡದಲ್ಲಿ ತುಂಬಲು ಇನ್ನೊಂದಿಷ್ಟು. ಆ ಕಿಲೋವನ್ನು ಕೋಶಕ್ಕೆ ಕೊಟ್ಟರೆ ಮರಳಿ ಸಿಗುವುದು 17ರಿಂದ 20 ಯೂನಿಟ್. ನೂರು ರೂಪಾಯಿ ಹಾಕಿ ಮೂವತ್ತೈದರ ಆಸುಪಾಸು ತೆಗೆದ ಹಾಗೆ. ಅದೇ ವಿದ್ಯುತ್ತನ್ನು ಬ್ಯಾಟರಿ ಕಾರಿಗೆ ತುಂಬಿದರೆ ಮುಕ್ಕಾಲು ಪಾಲಿನಷ್ಟು ಚಕ್ರ ತಲುಪುತ್ತದೆ.

ಆದ್ದರಿಂದ ಟೊಯೋಟಾದ ಮಿರಾಯಿ 2014ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಎದ್ದ ಉತ್ಸಾಹ ಸಣ್ಣ ಕಾರುಗಳ ಲೋಕದಲ್ಲಿ ನಿಲ್ಲಲಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ. ನಗರದೊಳಗೆ ಓಡಾಡುವವರಿಗೆ ಬುತ್ತಿಯೇ ಸಾಕು. ಒಲೆ ಬೇಕಾಗುವುದು ಬುತ್ತಿ ಹೊರಲಾಗದ ಕಡೆ: ದೂರ ಸಾಗುವ ಭಾರಿ ಲಾರಿ, ಹಡಗು, ನೀರಿನಡಿ ವಾರಗಟ್ಟಲೆ ಅಡಗಿರಬೇಕಾದ ಜಲಾಂತರ್ಗಾಮಿ. ಜರ್ಮನಿ ತನ್ನ 212 ವರ್ಗದ ಜಲಾಂತರ್ಗಾಮಿಗಳಲ್ಲಿ ಪೊರೆಯ ಕೋಶಗಳನ್ನು 2005ರಿಂದ ಬಳಸುತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ, ಗಾಳಿಗಾಗಿ ಮೇಲೇಳಬೇಕಿಲ್ಲ. ನಮ್ಮ ಡಿಆರ್‌ಡಿಒ ಹಿಡಿದದ್ದು ಫಾಸ್ಫಾರಿಕ್ ಆಮ್ಲದ ಕೋಶದ ದಾರಿ. ಅದರ ಅಂಬರನಾಥದ ನೌಕಾ ಪ್ರಯೋಗಾಲಯ ರೂಪಿಸಿದ ವ್ಯವಸ್ಥೆಯನ್ನು 2021ರ ಮಾರ್ಚ್ 8ರಂದು ದಡದ ಮೇಲೆ ಪರೀಕ್ಷಿಸಲಾಯಿತು. ಇದರಲ್ಲಿ ಹೈಡ್ರೋಜನ್ನನ್ನು ಸಿಲಿಂಡರಿನಲ್ಲಿ ಹೊತ್ತೊಯ್ಯುವುದಿಲ್ಲ, ಬೇಕಾದಷ್ಟನ್ನು ಅಲ್ಲೇ ತಯಾರಿಸಿಕೊಳ್ಳುತ್ತಾರೆ. ನನಗೆ ಇದು ಜಾಣತನವಾಗಿ ಕಾಣುತ್ತದೆ. ಮುಚ್ಚಿದ ಡಬ್ಬಿಯೊಳಗೆ ಕುಳಿತ ನಾವಿಕರ ಪಕ್ಕದಲ್ಲಿ ಹೈಡ್ರೋಜನ್ ದಾಸ್ತಾನು ಕಡಿಮೆಯಿದ್ದಷ್ಟೂ ಒಳ್ಳೆಯದು.

2024ರ ಹೊಸವರ್ಷದ ದಿನ ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟು ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕೆಲಸ ಮುಗಿಸಿದ ಅದರ ನಾಲ್ಕನೆಯ ಹಂತವನ್ನು ಎಸೆಯದೆ, 350 ಕಿಲೋಮೀಟರ್ ಎತ್ತರದಲ್ಲಿ ಪ್ರಯೋಗಗಳ ಪೀಠವಾಗಿ ಇಸ್ರೊ ಬಳಸಿಕೊಂಡಿತು. ಅಲ್ಲಿದ್ದ ಪೆಟ್ಟಿಗೆಗಳಲ್ಲಿ ಒಂದು ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದವರು ಮಾಡಿದ 100 ವ್ಯಾಟ್ ದರ್ಜೆಯ ಪೊರೆಯ ಇಂಧನ ಕೋಶ. ಒತ್ತಡದ ಪಾತ್ರೆಗಳಲ್ಲಿ ತುಂಬಿ ಒಯ್ದ ಹೈಡ್ರೋಜನ್ ಮತ್ತು ಆಮ್ಲಜನಕದಿಂದ ಅದು 180 ವ್ಯಾಟ್ ವಿದ್ಯುತ್ತು ಕೊಟ್ಟಿತು. ಮನೆಯ ಮೂರು ಫ್ಯಾನಿಗೂ ಸಾಲದಷ್ಟು. ಮುಂದೆ ಮನುಷ್ಯರನ್ನು ಹೊತ್ತೊಯ್ಯುವ ನೌಕೆಗೆ, ಬಾಹ್ಯಾಕಾಶ ನಿಲ್ದಾಣಕ್ಕೆ ಬೇಕಾದ ಮಾಹಿತಿ ಅದರಿಂದ ಸಿಕ್ಕಿತು. ತೂಕವಿಲ್ಲದ ಆ ಜಾಗದಲ್ಲಿ ನೀರು ಕೆಳಗೆ ಬಸಿಯುವುದಿಲ್ಲ, ಗುಳ್ಳೆ ಮೇಲಕ್ಕೇರುವುದಿಲ್ಲ. ಬತ್ತಿ ಮುಳುಗದಂತೆ, ಒಣಗದಂತೆ ನೋಡಿಕೊಳ್ಳುವ ಹಳೆಯ ಕೆಲಸವನ್ನು ಅಲ್ಲಿ ಇನ್ನೊಮ್ಮೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಆ ನಾಲ್ಕನೆಯ ಹಂತ ಅದೇ ವರ್ಷ ಮಾರ್ಚ್ 21ರಂದು ವಾಯುಮಂಡಲಕ್ಕೆ ಮರಳಿ, ಉತ್ತರ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಯಿತು.